ಹೊಕ್ಕ ಮನೆಯ ಮುಖ

ಆ ಮನೆಗೆ ಬಂದ ಸೊಸೆಯ ಹೆಸರು ಬದಲಿಸುವ ಪದ್ಧತಿ. ಹೊಸ ಸೊಸೆಗೋ ತವರಿನವರು ಇಟ್ಟ ಹೆಸರೊಂದು ಉಳಿದರೆ ಸಾಕಿತ್ತು. ಅತ್ತೆಗೆ ಹೇಗೆ ಹೇಳುವುದೆಂದು ತಿಳಿಯದೆ, ಮದುವೆಯ ಮರುದಿನ ದೇವರ ಕೋಣೆಯ ಹೊರಗೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು.

ದೀಪಕ್ಕೆ ಎಣ್ಣೆ ಹಾಕಿ ಬಂದ ಅತ್ತೆ ಕೇಳಿದರು, "ಏನು ಮಾಡ್ಲಿಕತ್ತೀಯವಾ?"

"ಪರದೆ ಮ್ಯಾಲ ಒತ್ತೂ ಒಂದು ಬಟನ್ ಅತ್ತಿ. ವಿಂಡೋಸ್ ಕಂಪ್ಯೂಟರ್‌ನ್ಯಾಗ ಇಟ್ರ ಅಲ್ಲೇ ಹುಟ್ಟಿದಂಗ ಕಾಣಬೇಕು. ಮ್ಯಾಕ್ ಕಂಪ್ಯೂಟರ್‌ನ್ಯಾಗ ಇಟ್ರ ಅಲ್ಲೇ ಹುಟ್ಟಿದಂಗ."

"ಹೊಕ್ಕ ಮನಿಗೊಂದು ಮಾರಿ? ಥೂ. ಅದಕ್ಕ ತನ್ನದು ಅಂತ ಒಂದು ಮಾರಿ ಇಲ್ಲೇನು?"

"ಇತ್ತು. ಹೊರಗಿಂದು ಅಂತ ಗೊತ್ತಾಗ್ತದಂತ ಅಳಿಸಿದೆ."

"ಹುಟ್ಟಿದ ಗುರುತು ಅಳಸೋದು ಅಂದ್ರ ಹೇಸಿಗಿ. ದೇವರು ಮೆಚ್ಚೂ ಕೆಲಸ ಅಲ್ಲಿದು."

ಸೊಸೆಗೆ ಧೈರ್ಯ ಬಂತು. "ಹಂಗಾದ್ರ ಅತ್ತಿ, ನನ್ನ ಹೆಸರು..."

"ಅದಕ್ಕ ಕರೀಲಿಕ್ಕೆ ಬಂದೆ. ಆ ಹೇಸಿಗಿ ಮುಚ್ಚಿಟ್ಟು ಕೈ ತೊಳಕೊಂಡು ಬಾ."

ಒಳಗೆ ಅಕ್ಕಿ ಹರಡಿದ ತಟ್ಟೆಯ ಮುಂದೆ ಗಂಡ ಕೂತಿದ್ದ. ಅತ್ತೆ ಅವನ ಕೈಗೆ ಉಂಗುರ ಕೊಟ್ಟರು.

"ಪದ್ಮಾವತಿ ಅಂತ ಬರಿಯಪ್ಪಾ. ನಮ್ಮ ಮನಿಗೆ ಒಪ್ತದ."