ಐದಕ್ಕೆ ಎರಡೂವರೆ

"ಫೋನ್ ಚೆನ್ನಾಗೈತೆ. ಆದ್ರೆ ಹೋದ ವರ್ಷದ್ದಕ್ಕಿಂತ ಹೊಸದೇನಿಲ್ಲ. ಐದಕ್ಕೆ ಎರಡೂವರೆ ಸ್ಟಾರ್," ಎಂದು ಕ್ಯಾಮೆರಾ ಮುಂದೆ ಹೇಳುತ್ತಿದ್ದ, ಹೊಸ ಫೋನ್‌ಗಳ ವಿಮರ್ಶೆಯ ವಿಡಿಯೊ ಮಾಡುವ ಅಣ್ಣನ ಮಗ ಪ್ರದೀಪನ ಕೈಯಿಂದ ಯಶೋಧಾ ಆ ಫೋನನ್ನು ಕಿತ್ತುಕೊಂಡಳು. ಅವಳು ತಾಳ್ಯ ಗ್ರಾಮದ ಆಶಾ ಕಾರ್ಯಕರ್ತೆ. ಪ್ರದೀಪನ ವಿಡಿಯೊ ನೋಡದೆ ಅವಳಿಗೆ ಹೊಸ ಫೋನ್ ಕೊಡಿಸುವುದಿಲ್ಲವೆಂದು ಗಂಡ ಹಟ ಹಿಡಿದಿದ್ದ.

"ಲೇ, ಚಾರ್ಜ್ ಎಷ್ಟೊತ್ತು ನಿಲ್ತೈತೆ?"

"ಎರಡು ದಿನ. ಆದ್ರೆ ಹೊಸದೇನೈತೆ ಹೇಳು ಅತ್ತೆ?"

ಯಶೋಧಾ ರಬ್ಬರ್ ಬ್ಯಾಂಡ್ ಸುತ್ತಿದ್ದ ತನ್ನ ಏಳು ವರ್ಷದ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. "ಮೊನ್ನೆ ಮಧ್ಯಾಹ್ನಕ್ಕೇ ಇದು ಸತ್ತಿತ್ತು. ಬಸುರಿ ಪಲ್ಲವಿ ಹೆರಿಗೆ ನೋವಿನಾಗೆ ನಂಗೆ ಫೋನ್ ಮಾಡಿ ಮಾಡಿ ಸಾಕಾಗಿ ಆಟೋದಾಗೇ ಹೆತ್ತಳು. ಹೋದ ವರ್ಷದ ಫೋನು ನಮ್ಮೂರಾಗೆ ಯಾರ ಹತ್ರ ಐತೋ? ಇದರ ಪಕ್ಕ ಇಟ್ಟು ಹೇಳು!"

ಪ್ರದೀಪ ಕ್ಯಾಮೆರಾ ಆರಿಸಲು ಕೈ ಚಾಚಿದ. ಯಶೋಧಾ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಓಡ್ಲಿ ಬಿಡು. ನಿಮ್ಮ ಮಾಮನೂ ನೋಡ್ಲಿ."