ಮುಟ್ಟಿನ ದೀಪ

ಕಾರುಗಳಿಗೆ ಮೈ ಓದಲು ಬಂದ ಮೇಲೆ, ಮುಟ್ಟಾದವರು ಸ್ಟೀರಿಂಗ್ ಹಿಡಿದರೆ ಕಾರಿನ ನೆತ್ತಿಯ ಮೇಲೆ ಕೆಂಪು ದೀಪ ಹತ್ತಿಕೊಳ್ಳುತ್ತಿತ್ತು. ದೂರವಿರಿ ಎಂದು ಅದರರ್ಥ. ಹುಬ್ಬಳ್ಳಿಯ ಜನ ಅದಕ್ಕೆ ಒಗ್ಗಿಹೋಗಿದ್ದರು.

ತೀರಿಹೋದ ಗಂಡನ ಟೆಂಪೋವನ್ನು ತಾನೇ ಓಡಿಸಬೇಕೆಂದು ಶಕುಂತಲಾ ಡ್ರೈವಿಂಗ್ ಕಲಿಯುತ್ತಿದ್ದಳು. ಅಂದು ಬೆಳಿಗ್ಗೆ ಅವಳು ಕಲಿಕೆಯ ಕಾರಿನ ಕೀಲಿ ತಿರುವಿದ್ದೇ ದೀಪ ಹತ್ತಿತು. ಕಲಿಸುವ ಮಹಾಂತೇಶ ಪಕ್ಕದ ಸೀಟಿನಿಂದ ಇಳಿದುಬಿಟ್ಟ.

“ಇವತ್ತ ಬ್ಯಾಡ್ರೀ ಅಕ್ಕಾರ. ನಾಕ ದಿನ ಬಿಟ್ಟ ಬರ್ರಿ.”

“ಹೋದ ತಿಂಗಳೂ ಹಂಗ ಅಂದಿ. ನಾ ಕಲಿಯೂದು ಯಾವಾಗೋ ತಮ್ಮಾ?”

“ಹಂಗಾರ ಒಬ್ರ ಹೋಗ್ರಿ. ತಪ್ಪಿದ್ರ ಕಾರ ತಾನ ನಿಲ್ತೈತಿ.”

ಅವಳು ಹೊರಟಳು. ಆಟೋಗಳು, ಬಸ್ಸುಗಳು ಸರಿದು ನಿಂತವು. ಕಿಬ್ಬೊಟ್ಟೆ ಹಿಂಡುತ್ತಿತ್ತು. ನಿನ್ನೆ ಸಲೀಸಾಗಿ ಕ್ಲಚ್ ಒತ್ತಿದ್ದ ಕಾಲು ಇಂದು ತಡವರಿಸಿ, ನಡುರಸ್ತೆಯಲ್ಲೇ ಎಂಜಿನ್ ನಿಂತುಹೋಯಿತು. ಹಾಗಾದದ್ದು ನೋವಿಗೋ ಆ ದೀಪಕ್ಕೋ ಅವಳಿಗೇ ತಿಳಿಯಲಿಲ್ಲ. ಯಾರೂ ಹಾರ್ನ್ ಹೊಡೆಯಲಿಲ್ಲ. ಯಾರಾದರೂ ಬೈದಿದ್ದರೂ ಸಮಾಧಾನವಾಗುತ್ತಿತ್ತೇನೋ.

ಮತ್ತೆ ಕೀಲಿ ತಿರುವಿದಳು. ಮೆಲ್ಲಗೆ ಮಾರುಕಟ್ಟೆಯ ಗೋಡೆಯವರೆಗೂ ಓಡಿಸಿ, ಎಂದೂ ಬಾರದಿದ್ದ ರಿವರ್ಸ್ ಹಾಕಿ ಎರಡು ಲಾರಿಗಳ ನಡುವೆ ಕಾರನ್ನು ನೆಟ್ಟಗೆ ನಿಲ್ಲಿಸಿದಳು.

“ಬಂತು ನೋಡೋ ತಮ್ಮಾ!” ಎಂದು ನಗುತ್ತಾ ಪಕ್ಕಕ್ಕೆ ತಿರುಗಿದಳು. ಸೀಟಿನಲ್ಲಿ ಯಾರೂ ಇರಲಿಲ್ಲ.