ದಾವಣಗೆರೆ ಬಸ್ಸು

ಬಿಸಿಲಿಗೆ ಕಾದ ಗೋಣಿಚೀಲದ ವಾಸನೆ ಬಂದರೆ ಈಗಲೂ ನನಗೆ ಉಸಿರು ಕಟ್ಟುತ್ತದೆ.

ಶಿಕಾರಿಪುರದಲ್ಲಿ ನಮ್ಮ ದೊಡ್ಡಪ್ಪ ಮಹಡಿಯ ಕೋಣೆಯೊಂದರಲ್ಲಿ ಕೇಬಲ್ ಚಾನೆಲ್ ನಡೆಸುತ್ತಿದ್ದರು. ಬೀದಿಯ ಸದ್ದು ಕೇಳಬಾರದೆಂದು ಗೋಡೆಗೆಲ್ಲ ಮೆಕ್ಕೆಜೋಳದ ಖಾಲಿ ಗೋಣಿಚೀಲಗಳನ್ನು ಮೊಳೆ ಹೊಡೆದು ಬಿಗಿದಿದ್ದರು. ಫ್ಯಾನ್ ಹಾಕುವಂತಿರಲಿಲ್ಲ. ನೇರಪ್ರಸಾರ ಮುಗಿಯುವವರೆಗೆ ಬಾಗಿಲಿಗೆ ಹೊರಗಿನಿಂದ ಚಿಲಕ. ಅಲ್ಲಿ ದಿನಾ ಸುದ್ದಿ ಓದುತ್ತಿದ್ದವಳು ದೊಡ್ಡಪ್ಪನ ಮಗಳು, ನನ್ನ ಅಕ್ಕ. ಅವಳು ಮನೆ ಬಿಟ್ಟುಹೋದ ಮರುದಿನ ಮಧ್ಯಾಹ್ನ ಆ ಕುರ್ಚಿಯಲ್ಲಿ ಹತ್ತು ವರ್ಷದ ನನ್ನನ್ನು ಕೂರಿಸಿದರು.

"ಕರೆಂಟ್ ಹೋಗೋದ್ರೊಳಗೆ ಓದಿ ಮುಗ್ಸವ್ವ, ಒಂದಕ್ಷರಾನೂ ಬಿಡಬ್ಯಾಡ," ಎಂದು ದೊಡ್ಡಪ್ಪ ಚೀಟಿ ಕೊಟ್ಟು ಹೊರಗೆ ಹೋದರು. ಚಿಲಕ ಬಿದ್ದ ಸದ್ದು ಕೇಳಿಸಿತು.

ಅಕ್ಕ ದಾವಣಗೆರೆ ಬಸ್ಸು ಹತ್ತಿದ್ದಾಳೆ, ಕಂಡವರು ತಿಳಿಸಬೇಕು ಎಂದು ಚೀಟಿಯಲ್ಲಿತ್ತು. ಅಕ್ಕನ ತಾಯಿ ದೊಡ್ಡವ್ವ, ತಾನೇ ಕಣ್ಣಾರೆ ಕಂಡೆ ಎಂದಿದ್ದಳಂತೆ. ಆದರೆ ಅಕ್ಕನ ಚೀಲ ಹೊತ್ತು ಬಸ್ ಸ್ಟ್ಯಾಂಡಿಗೆ ಹೋದವಳು ನಾನು. ಅವಳು ಹತ್ತಿದ್ದು ಸೊರಬದ ಬಸ್ಸು. "ಯಾರು ಕೇಳಿದ್ರೂ ಬಾಯಿ ಬಿಡಬ್ಯಾಡ ಕಣೆ," ಎಂದು ಕಿಟಕಿಯಿಂದ ಹೇಳಿದ್ದಳು.

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಊರೆಲ್ಲ ನನ್ನ ಕಣ್ಣನ್ನೇ ನೋಡುತ್ತಿದೆ ಅನ್ನಿಸಿತು. ಬೆವರಿದ ಬೆನ್ನಿಗೆ ಹಿಂದಿನ ಗೋಡೆಯ ಚೀಲದ ನಾರು ಅಂಟಿ ಚುಚ್ಚುತ್ತಿತ್ತು. ಎದ್ದು ಓಡೋಣವೆಂದರೆ ಬಾಗಿಲಿಗೆ ಚಿಲಕ. ದಾವಣಗೆರೆ ಎಂದು ಎರಡು ಸಲ ಓದಿದೆ.

ಚಿಲಕ ತೆಗೆದವಳು ದೊಡ್ಡವ್ವ. ನೀರಿನ ಲೋಟ ಕೊಟ್ಟು, ಸೆರಗಿನಿಂದ ನನ್ನ ಮುಖ ಒರೆಸಿದಳು. ದೊಡ್ಡಪ್ಪ ಆಗಲೇ ದಾವಣಗೆರೆಗೆ ಫೋನು ಹಚ್ಚಿದ್ದರು. ಅವರತ್ತ ಒಮ್ಮೆ ನೋಡಿ, ದೊಡ್ಡವ್ವ ನನ್ನ ಕಿವಿಯ ಹತ್ತಿರ ಬಾಗಿದಳು.

"ಸೊರಬದ ಬಸ್ಸಲ್ಲಿ ಅವ್ಳಿಗೆ ಸೀಟು ಸಿಕ್ತೇನೆ?"